ಮಗುವಿನ ಬೆನ್ನಿಗೆ ತಕ್ಕ ಚೀಲ

(ಪಿಂಪ್ರಿ-ಚಿಂಚವಾಡದ ಕನ್ನಡ ಕಾರ್ಮಿಕ ಕುಟುಂಬಗಳ ಕೂಟದಲ್ಲಿ, ಶಾಲೆಗಳು ತೆರೆಯುವ ಮುನ್ನ ಮಾಡಿದ ಭಾಷಣ)



ಮಧ್ಯಾಹ್ನದ ಊಟದ ಗಿರಾಕಿ ಮುಗಿದು ಸಂಜೆಯ ತಿಂಡಿಯ ಗಿರಾಕಿ ಸುರುವಾಗುವ ಮೊದಲು ಹೋಟೆಲಿನವನಿಗೆ ಸಿಗುವುದು ಎರಡು ತಾಸಿನ ಬಿಡುವು. ಆ ಬಿಡುವಿನಲ್ಲಿ ಕಾಲು ಚಾಚುವುದನ್ನು ಬಿಟ್ಟು ತಾವು ಇಲ್ಲಿಗೆ ಬಂದಿದ್ದೀರಿ. ಕಟ್ಟಡದ ಕೆಲಸದ ಅಕ್ಕಂದಿರು ಅರ್ಧ ದಿನದ ಪಗಾರ ಬಿಟ್ಟು ಬಂದಿದ್ದಾರೆ. ಆದುದರಿಂದ ನಿಮ್ಮ ಹೊತ್ತನ್ನು ನಾನು ವ್ಯರ್ಥ ಮಾಡಬಾರದು.

ಇಂದಿನ ವಿಷಯ ಕೇಳಿ ಕೆಲವರು ನಕ್ಕರು. ಪಗಾರದ ಮಾತಾಡುವ ಸಂಘದಲ್ಲಿ, ಭವಿಷ್ಯನಿಧಿಯ ಮಾತಾಡುವ ಸಂಘದಲ್ಲಿ, ಎರಡು ಮೂರು ವರ್ಷದ ಮಗು ಬೆನ್ನಿಗೆ ಹಾಕಿಕೊಳ್ಳುವ ಚೀಲದ ಮಾತೇಕೆ ಎಂದು ಕೇಳಿದರು. ನಾನು ಹೇಳುವುದಿಷ್ಟೆ: ಹೊರೆ ಎಂಬುದು ಕಾರ್ಮಿಕನ ವಿಷಯವೇ ಆಗಿದೆ. ಯಾರ ಬೆನ್ನಿನ ಮೇಲೆ ಎಷ್ಟು ಹೊರೆ, ಅದನ್ನು ಗೊತ್ತುಮಾಡುವವರು ಯಾರು, ಎಂಬ ಪ್ರಶ್ನೆಯಿಂದಲೇ ಸಂಘಗಳು ಹುಟ್ಟಿವೆ. ಆ ಪ್ರಶ್ನೆಯನ್ನು ನಮ್ಮ ಮನೆಯ ಅತಿ ಚಿಕ್ಕ ಬೆನ್ನಿನ ಬಗ್ಗೆಯೂ ಕೇಳೋಣ.

ನಾನು ಡಾಕ್ಟರನಲ್ಲ, ಮಾಸ್ತರನಲ್ಲ. ಏಳನೆಯ ಇಯತ್ತೆ ಮುಗಿಸಿ ಹೋಟೆಲಿಗೆ ಬಂದವನು. ಆದರೆ ಹೊರೆ ಹೊರುವುದು ಹೇಗೆಂಬುದು ನನಗೆ ಗೊತ್ತು, ನಿಮಗೂ ಗೊತ್ತು. ಅದೇ ತಿಳುವಳಿಕೆಯನ್ನು ಮಗುವಿನ ಚೀಲಕ್ಕೆ ಹಚ್ಚಿ ನೋಡುವುದಷ್ಟೇ ನನ್ನ ಕೆಲಸ.

ಈ ನಮ್ಮ ಊರು ಕೆಲಸಗಾರರ ಊರು. ೧೯೫೪ರಲ್ಲಿ ಪಿಂಪ್ರಿಯಲ್ಲಿ ಹಿಂದುಸ್ಥಾನ್ ಆಂಟಿಬಯಾಟಿಕ್ಸ್ ಸ್ಥಾಪನೆಯಾಯಿತು. ಆ ಮೇಲೆ ಭೋಸರಿ, ಆಕುರ್ಡಿ, ಚಿಖಲಿಯ ಕಡೆ ದೊಡ್ಡ ದೊಡ್ಡ ಕಾರಖಾನೆಗಳು ಬಂದವು. ಕಾರಖಾನೆಯ ಹಿಂದೆ ಹೋಟೆಲು ಬಂತು. ಹೋಟೆಲಿನ ಹಿಂದೆ ಉಡುಪಿ ಕುಂದಾಪುರದ ಕಡೆಯಿಂದ ನಾವು ಬಂದೆವು. ಕಟ್ಟಡಗಳು ಏಳತೊಡಗಿದ ಮೇಲೆ ವಿಜಯಪುರ, ಕಲಬುರಗಿ, ಯಾದಗಿರಿಯ ಕಡೆಯ ಬಂಧುಗಳು ಬಂದರು. ಬಂದವರೆಲ್ಲರೂ ಹೊತ್ತವರೇ. ಯಾರೋ ಬಟಾಟೆಯ ಗೋಣಿ ಹೊತ್ತರು, ಯಾರೋ ಇಟ್ಟಿಗೆ ಹೊತ್ತರು, ಯಾರೋ ಸಿಮೆಂಟು ಹೊತ್ತರು.

ಪುಣೆಯ ಹಮಾಲರ ಕಥೆ ನಿಮ್ಮಲ್ಲಿ ಹಲವರಿಗೆ ತಿಳಿದಿದೆ. ಹಿಂದೆ ನೂರು ಕಿಲೋದ ಗೋಣಿಯನ್ನು ಒಬ್ಬನೇ ಹಮಾಲ ಬೆನ್ನ ಮೇಲೆ ತೆಗೆದುಕೊಳ್ಳುತ್ತಿದ್ದ. ಡಾಕ್ಟರ್ ಬಾಬಾ ಆಢಾವ್ ಅವರು ಹಮಾಲ ಪಂಚಾಯತ ಕಟ್ಟಿ ಈ ಜನರನ್ನು ಒಂದುಗೂಡಿಸಿದರು. ೧೯೬೯ರಲ್ಲಿ ಮಹಾರಾಷ್ಟ್ರದಲ್ಲಿ ಮಾಥಾಡಿ ಹಮಾಲರ ಕಾಯಿದೆಯಾಯಿತು. ಇಂದು ಮಾರುಕಟ್ಟೆಯಲ್ಲಿ ಐವತ್ತು ಕಿಲೋದ ಚೀಲ ನೋಡುತ್ತೀರಿ. ಅದು ತಾನಾಗಿ ಇಳಿದ ತೂಕವಲ್ಲ, ಕೇಳಿ ಇಳಿಸಿದ ತೂಕ. ಹೊರಗಿನ ಜಗತ್ತಿನಲ್ಲಿಯೂ ಹಾಗೆಯೇ. ೧೯೬೭ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಈ ವಿಷಯವನ್ನು ವಿಚಾರಮಾಡಿ, ಬೆಳೆದ ಗಂಡಾಳು ಹೊರುವ ತೂಕ ೫೫ ಕಿಲೋ ಮೀರಬಾರದೆಂದು ಶಿಫಾರಸು ಮಾಡಿತು. ಅಂದರೆ ರಟ್ಟೆ ಬಲಿತ ಗಂಡಸಿಗೂ ಒಂದು ಮಿತಿ ಉಂಟು. ಹಾಗಾದರೆ ಹದಿನಾಲ್ಕು ಕಿಲೋ ತೂಕದ ಕೂಸಿಗೆ ಮಿತಿ ಬೇಡವೇ?

ಮಿತಿ ಇದೆ, ಬಂಧುಗಳೇ. ಅದನ್ನು ತಿಳಿದವರು ಕಡಿಮೆ.

ಶಾಲೆಯ ಚೀಲದ ಭಾರದ ಮಾತನ್ನು ದೇಶದ ಮುಂದೆ ಎತ್ತಿದವರಲ್ಲಿ ಮೈಸೂರಿನಲ್ಲಿ ಬಹುಕಾಲ ಬಾಳಿದ ಲೇಖಕ ಆರ್. ಕೆ. ನಾರಾಯಣರು ಒಬ್ಬರು. ಅವರು ರಾಜ್ಯಸಭೆಯ ಸದಸ್ಯರಾಗಿದ್ದಾಗ ೧೯೮೯ರಲ್ಲಿ ಮಾಡಿದ ಮೊದಲ ಭಾಷಣದಲ್ಲಿ ರಾಜಕಾರಣದ ಮಾತಾಡಲಿಲ್ಲ. ಮಕ್ಕಳ ಬೆನ್ನಿನ ಮೇಲಿನ ಪುಸ್ತಕದ ಹೊರೆಯ ಮಾತಾಡಿದರು. ಅನಂತರ ಸರಕಾರ ಪ್ರೊಫೆಸರ್ ಯಶಪಾಲರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿತು; ೧೯೯೩ರಲ್ಲಿ ಅದರ ವರದಿ ಬಂತು. ನಮ್ಮ ಈ ಮಹಾರಾಷ್ಟ್ರದಲ್ಲಿ ೨೦೧೫ರಲ್ಲಿ ಸರಕಾರವು ಠರಾವು ಹೊರಡಿಸಿ, ಚೀಲದ ತೂಕ ಮಗುವಿನ ತೂಕದ ಹತ್ತನೆಯ ಒಂದು ಪಾಲನ್ನು ಮೀರಬಾರದೆಂದಿತು. ಕರ್ನಾಟಕ ಸರಕಾರ ೨೦೧೯ರಲ್ಲಿ ಒಂದು ಎರಡನೆಯ ತರಗತಿಯವರಿಗೆ ಒಂದೂವರೆಯಿಂದ ಎರಡು ಕಿಲೋ ಎಂದು ಗೊತ್ತುಮಾಡಿತು. ೨೦೨೦ರಲ್ಲಿ ಕೇಂದ್ರ ಸರಕಾರದ ಶಾಲಾ ಚೀಲದ ನೀತಿ ಬಂತು. ಅದರಲ್ಲಿ ಒಂದು ಎರಡನೆಯ ಇಯತ್ತೆಗೆ ಪುಸ್ತಕ, ವಹಿ ಎಲ್ಲ ಸೇರಿ ೧.೬ರಿಂದ ೨.೨ ಕಿಲೋ ಎಂದಿದೆ. ಒಂದನೆಯ ಇಯತ್ತೆಗಿಂತ ಕೆಳಗಿನ ಮಕ್ಕಳಿಗೆ, ಅಂದರೆ ಬಾಲವಾಡಿ ನರ್ಸರಿಯವರಿಗೆ, ಎಷ್ಟು ಎಂದಿದೆ ಗೊತ್ತೇ? ಚೀಲವೇ ಬೇಡ ಎಂದಿದೆ.

ಇದನ್ನು ಮನಸ್ಸಿನಲ್ಲಿಡಿ. ಎರಡು, ಮೂರು, ನಾಲ್ಕು ವರ್ಷದ ಮಗು ಪುಸ್ತಕದ ಚೀಲ ಹೊರಬೇಕೆಂದು ಯಾವ ಸರಕಾರದ ನಿಯಮದಲ್ಲಿಯೂ ಇಲ್ಲ. ಆದರೂ ಜೂನ್ ತಿಂಗಳು ಬಂತೆಂದರೆ ಪಿಂಪ್ರಿಯ ಪೇಟೆಯಲ್ಲಿ ನಾವು ಚೀಲದ ಅಂಗಡಿಯ ಮುಂದೆ ನಿಲ್ಲುತ್ತೇವೆ. ಇಲ್ಲಿಯ ಅಂಗಡಿಯವನು ಅದಕ್ಕೆ ದಪ್ತರ ಎನ್ನುತ್ತಾನೆ, ಸ್ಯಾಕ್ ಎನ್ನುತ್ತಾನೆ. ವಿಜಯಪುರದವರು ಪಾಟೀಚೀಲ ಎನ್ನುತ್ತಾರೆ. ನಾವು ಕರಾವಳಿಯವರು ಬ್ಯಾಗು ಎನ್ನುತ್ತೇವೆ. ಹೆಸರು ಯಾವುದಾದರೂ ಆಗಲಿ, ಅದನ್ನು ಕೊಳ್ಳುವಾಗ ನಮ್ಮೆಲ್ಲರ ಎದೆಯಲ್ಲಿ ಒಂದೇ ಆಸೆ. ನಾವು ಗೋಣಿ ಹೊತ್ತೆವು, ನಮ್ಮ ಮಗು ಪುಸ್ತಕ ಹೊರಲಿ. ಈ ಆಸೆಯನ್ನು ನಾನು ಹೀಗಳೆಯುವುದಿಲ್ಲ. ನಮ್ಮ ಬಡಾವಣೆಗಳಲ್ಲಿ ಬೆಳಗ್ಗೆ ಚೀಲ ಹಾಕಿಕೊಂಡು ಹೊರಟ ಮಗುವನ್ನು ನೋಡುವ ತಾಯಿಯ ಮುಖ ನೋಡಿದವನು ಅದನ್ನು ಹೀಗಳೆಯಲಾರ.

ಚೀಲದಿಂದ ಮಗುವಿಗೂ ಸಂತೋಷವುಂಟು. ತನ್ನದೊಂದು ವಸ್ತು, ಅದರೊಳಗೆ ತನ್ನ ಕರವಸ್ತ್ರ, ತನ್ನ ಡಬ್ಬಿ. ತಾನೇ ತೆಗೆಯುವುದು, ತಾನೇ ಇಡುವುದು. ಇದರಿಂದ ಮಗು ತನ್ನ ಸಾಮಾನು ತಾನು ನೋಡಿಕೊಳ್ಳಲು ಕಲಿಯುತ್ತದೆ. ಆದುದರಿಂದ ಚೀಲ ಕೊಡಿಸಲೇಬಾರದೆಂದು ನಾನು ಹೇಳುವುದಿಲ್ಲ. ಚೀಲ ಮಗುವಿನ ಬೆನ್ನಿಗೆ ತಕ್ಕುದಾಗಿರಲಿ, ನಮ್ಮ ಆಸೆಯ ಅಳತೆಯದಾಗದಿರಲಿ ಎನ್ನುತ್ತೇನೆ.

ಇನ್ನು ಲೆಕ್ಕಕ್ಕೆ ಬರೋಣ. ಮೊದಲು ತೂಕ.

ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯ ಪ್ರಕಾರ ಸರಿಯಾಗಿ ಬೆಳೆದ ಮಗು ಎರಡು ವರ್ಷಕ್ಕೆ ಸುಮಾರು ೧೨ ಕಿಲೋ, ಮೂರು ವರ್ಷಕ್ಕೆ ೧೪ ಕಿಲೋ, ನಾಲ್ಕು ವರ್ಷಕ್ಕೆ ೧೬ ಕಿಲೋ ತೂಗುತ್ತದೆ. ಹತ್ತರಲ್ಲೊಂದು ಪಾಲೆಂದರೆ ಎರಡು ವರ್ಷದ ಮಗುವಿಗೆ ೧ ಕಿಲೋ ೨೦೦ ಗ್ರಾಂ, ಮೂರು ವರ್ಷದ್ದಕ್ಕೆ ೧ ಕಿಲೋ ೪೦೦ ಗ್ರಾಂ, ನಾಲ್ಕರದ್ದಕ್ಕೆ ೧ ಕಿಲೋ ೬೦೦ ಗ್ರಾಂ. ಇದು ಮೀರಬಾರದ ಗೆರೆ, ಮುಟ್ಟಲೇಬೇಕಾದ ಗೆರೆಯಲ್ಲ. ಅದರ ಅರ್ಧಕ್ಕೆ ನಿಲ್ಲಿಸಿದರೆ ಇನ್ನೂ ಒಳ್ಳೆಯದು.

ಆದರೆ ನಮ್ಮ ಮಕ್ಕಳೆಲ್ಲರೂ ಪಟ್ಟಿಯಲ್ಲಿದ್ದಂತೆ ತೂಗುತ್ತಾರೆಯೇ? ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ವಯಸ್ಸಿಗೆ ತಕ್ಕ ತೂಕವಿಲ್ಲದವರು ಮಹಾರಾಷ್ಟ್ರದಲ್ಲಿ ನೂರಕ್ಕೆ ೩೬, ಕರ್ನಾಟಕದಲ್ಲಿ ನೂರಕ್ಕೆ ೩೩. ಮೂರು ಮಕ್ಕಳಲ್ಲಿ ಒಂದು! ಆ ಮಗು ನಮ್ಮ ಓಣಿಯದೂ ಆಗಿರಬಹುದು. ಮೂರು ವರ್ಷವಾದರೂ ೧೧ ಕಿಲೋ ತೂಗುವ ಮಗುವಿಗೆ ಗೆರೆ ೧ ಕಿಲೋ ೧೦೦ ಗ್ರಾಮಿಗೇ ನಿಲ್ಲುತ್ತದೆ. ಆದುದರಿಂದ ಪಕ್ಕದ ಮನೆಯ ಮಗುವಿನ ಚೀಲ ನೋಡಿ ನಿಮ್ಮ ಮಗುವಿಗೆ ತರಬೇಡಿರಿ. ನಿಮ್ಮ ಮಗುವಿನ ತೂಕ ಮೊದಲು ತಿಳಿಯಿರಿ. ಅಂಗನವಾಡಿಯಲ್ಲಿ ಮಗುವನ್ನು ತೂಗಿ ಕಾರ್ಡಿನಲ್ಲಿ ಬರೆಯುತ್ತಾರೆ. ಕಾರ್ಡು ನೋಡಿರಿ, ಹತ್ತರಿಂದ ಭಾಗಿಸಿರಿ, ಮುಗಿಯಿತು.

ಚೀಲವನ್ನು ತೂಗುವುದು ಕಷ್ಟವಲ್ಲ. ಕಿರಾಣಿ ಅಂಗಡಿಯ ತಕ್ಕಡಿ ಇದೆ, ನಮ್ಮ ಹೋಟೆಲಿನ ಅಡಿಗೆಮನೆಯಲ್ಲಿ ತಕ್ಕಡಿ ಇದೆ. ನಿತ್ಯ ತೆಗೆದುಕೊಂಡು ಹೋಗುವ ಸಾಮಾನನ್ನೆಲ್ಲ ತುಂಬಿ ಒಂದು ಸಲ ತೂಗಿ ನೋಡಿರಿ. ನಾನು ಒಂದು ಅಂದಾಜು ಹೇಳುತ್ತೇನೆ. ದೊಡ್ಡ ಮಕ್ಕಳ ಹದಿನಾರು ಇಂಚಿನ ಚೀಲ, ಒಳಗೆ ಏನೂ ಇಲ್ಲದೆ, ಆರುನೂರು ಏಳುನೂರು ಗ್ರಾಂ ತೂಗುತ್ತದೆ. ಅರ್ಧ ಲೀಟರು ನೀರೆಂದರೆ ಅರ್ಧ ಕಿಲೋ. ಅದನ್ನು ತುಂಬಿದ ಸ್ಟೀಲ್ ಬಾಟಲಿ ಮುಕ್ಕಾಲು ಕಿಲೋದ ಹತ್ತಿರ ಹೋಗುತ್ತದೆ. ಅನ್ನ ತುಂಬಿದ ಸ್ಟೀಲ್ ಡಬ್ಬಿ ನಾಲ್ಕುನೂರು ಗ್ರಾಂ. ಕೂಡಿಸಿರಿ. ಒಂದು ಕಿಲೋ ಎಂಟುನೂರು ಗ್ರಾಮಿನ ಸುಮಾರಿಗೆ ಬಂತು. ಇನ್ನೂ ಒಂದು ಪುಸ್ತಕ ಹಾಕಿಲ್ಲ, ಒಂದು ಅಂಗಿ ಹಾಕಿಲ್ಲ! ಮೂರು ವರ್ಷದ ಮಗುವಿನ ಗೆರೆಯನ್ನು ಆಗಲೇ ದಾಟಿ ಆಯಿತು.

ಈಗ ಚಿಕ್ಕ ಚೀಲದ ಲೆಕ್ಕ ಮಾಡಿರಿ. ಖಾಲಿ ಚೀಲ ಮುನ್ನೂರು ಗ್ರಾಮಿನೊಳಗೆ. ಕಾಲು ಲೀಟರಿನ ಹಗುರ ಬಾಟಲಿ ನೀರಿನೊಂದಿಗೆ ಮುನ್ನೂರೈವತ್ತು. ಚಿಕ್ಕ ಡಬ್ಬಿಯಲ್ಲಿ ಒಂದು ಚಪಾತಿ ಅಥವಾ ಎರಡು ಇಡ್ಲಿ, ಇನ್ನೂರು. ಒಂದು ಚಡ್ಡಿ, ಒಂದು ಅಂಗಿ, ಕರವಸ್ತ್ರ, ನೂರೈವತ್ತು. ಒಟ್ಟು ಒಂದು ಕಿಲೋ. ಗೆರೆಯೊಳಗೇ ಉಳಿಯಿತು. ತೂಕ ಹೆಚ್ಚಿಸುವುದು ಹೆಚ್ಚಾಗಿ ಪುಸ್ತಕವಲ್ಲ. ಚೀಲ ಮತ್ತು ನೀರು.

ಎರಡನೆಯದು ಅಳತೆ. ಇದಕ್ಕೆ ಇಂಚುಪಟ್ಟಿಯೂ ಬೇಕಿಲ್ಲ, ಒಂದು ದಾರ ಸಾಕು. ಮಗುವನ್ನು ನೆಟ್ಟಗೆ ನಿಲ್ಲಿಸಿರಿ. ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಒಂದು ಎಲುಬು ಉಬ್ಬಿ ಕಾಣುತ್ತದೆ. ಅಲ್ಲಿಂದ ಸೊಂಟದ ಎಲುಬಿನ ಮಟ್ಟದವರೆಗೆ ಬೆನ್ನಿನ ಮೇಲೆ ದಾರ ಹಿಡಿಯಿರಿ. ಅಷ್ಟಕ್ಕೆ ಗಂಟು ಹಾಕಿರಿ. ಮೂರು ವರ್ಷದ ಮಗುವಿಗೆ ಇದು ಹತ್ತು ಇಂಚಿನ ಆಸುಪಾಸಿನಲ್ಲಿರುತ್ತದೆ. ಆಮೇಲೆ ಒಂದು ಹೆಗಲ ತುದಿಯಿಂದ ಇನ್ನೊಂದು ಹೆಗಲ ತುದಿಯವರೆಗೆ ಅಳೆದು ಇನ್ನೊಂದು ಗಂಟು ಹಾಕಿರಿ. ಅದು ಎಂಟು ಒಂಬತ್ತು ಇಂಚು. ಈ ದಾರವನ್ನು ಜೇಬಿನಲ್ಲಿಟ್ಟುಕೊಂಡು ಅಂಗಡಿಗೆ ಹೋಗಿರಿ. ಮಗುವನ್ನು ಕರೆದೊಯ್ದರೆ ಇನ್ನೂ ಒಳ್ಳೆಯದು.

ಚೀಲದ ಎತ್ತರ ಮೊದಲನೆಯ ಗಂಟನ್ನು ಮೀರಬಾರದು. ಅಗಲ ಎರಡನೆಯ ಗಂಟನ್ನು ಮೀರಬಾರದು. ದಪ್ಪ ಮೂರು ನಾಲ್ಕು ಇಂಚು ಸಾಕು. ಹತ್ತು ಇಂಚು ಎತ್ತರ, ಎಂಟು ಇಂಚು ಅಗಲ, ನಾಲ್ಕು ಇಂಚು ದಪ್ಪದ ಚೀಲದಲ್ಲಿ ಸುಮಾರು ಐದು ಲೀಟರಿನಷ್ಟು ಜಾಗವಿರುತ್ತದೆ. ನಮ್ಮ ಐದು ಲೀಟರಿನ ಎಣ್ಣೆಯ ಕ್ಯಾನು ಕಣ್ಣ ಮುಂದೆ ತಂದುಕೊಳ್ಳಿರಿ. ಮಗುವಿಗೆ ಅಷ್ಟು ಸಾಕು. ಹದಿನಾರು ಇಂಚು ಎತ್ತರ, ಹನ್ನೆರಡು ಇಂಚು ಅಗಲ, ಆರು ಇಂಚು ದಪ್ಪದ ಚೀಲದಲ್ಲಿ ಎಷ್ಟು? ಹತ್ತೊಂಬತ್ತು ಲೀಟರಿನ ಹತ್ತಿರ. ಹದಿನೈದು ಲೀಟರಿನ ಎಣ್ಣೆಯ ಡಬ್ಬಕ್ಕಿಂತ ದೊಡ್ಡದು! ಮೂರಡಿಯ ಮಗುವಿನ ಬೆನ್ನಿಗೆ ಎಣ್ಣೆಯ ಡಬ್ಬ ಕಟ್ಟುವ ಮನಸ್ಸು ನಮಗ್ಯಾರಿಗೂ ಬರುವುದಿಲ್ಲ. ಆದರೆ ಅದೇ ಗಾತ್ರಕ್ಕೆ ಬಣ್ಣದ ಬಟ್ಟೆ ಹಾಕಿ, ಮೇಲೊಂದು ಗೊಂಬೆಯ ಚಿತ್ರ ಅಂಟಿಸಿದರೆ ಕಟ್ಟುತ್ತೇವೆ.

ಇದು ಏಕೆ ಕೆಟ್ಟದ್ದೆಂದು ಹೊರೆ ಹೊತ್ತವರಿಗೆ ವಿವರಿಸಬೇಕಾಗಿಲ್ಲ. ಗೋಣಿ ಬೆನ್ನಿಗೆ ಅಂಟಿಕೊಂಡಿದ್ದರೆ ಹೊರಬಹುದು. ಕೆಳಕ್ಕೆ ಜಾರಿ ಸೊಂಟದ ಕೆಳಗೆ ಜೋತುಬಿದ್ದರೆ ಅದೇ ತೂಕ ಹಿಂದಕ್ಕೆ ಎಳೆಯುತ್ತದೆ. ಎಳೆದಾಗ ನಾವು ಮುಂದಕ್ಕೆ ಬಾಗುತ್ತೇವೆ. ಮಗುವೂ ಅದನ್ನೇ ಮಾಡುತ್ತದೆ. ಮಗುವಿಗೆ ಇನ್ನೊಂದು ತೊಡಕುಂಟು. ನಮ್ಮ ತಲೆ ನಮ್ಮ ಎತ್ತರದ ಏಳೆಂಟನೆಯ ಒಂದು ಪಾಲು; ಎರಡು ವರ್ಷದ ಮಗುವಿನ ತಲೆ ಅದರ ಎತ್ತರದ ಐದನೆಯ ಒಂದು ಪಾಲು. ಮೇಲೆ ಭಾರ ಹೆಚ್ಚು, ಕಾಲು ಗಿಡ್ಡ, ನಡಿಗೆ ಇನ್ನೂ ಪಕ್ಕಾ ಆಗಿಲ್ಲ. ಅಂಥ ದೇಹವನ್ನು ಹಿಂದಿನಿಂದ ಎಳೆದರೆ ಬೀಳುವುದು ಸುಲಭ. ಚಾಳಿನ ಮೆಟ್ಟಿಲಿನಲ್ಲಿ, ಮಳೆಗಾಲದ ಜಾರುವ ಓಣಿಯಲ್ಲಿ, ಇನ್ನೂ ಸುಲಭ.

ಚೀಲದ ಮೇಲಿನ ಅಂಚು ಕತ್ತಿಗಿಂತ ಎತ್ತರವಾಗಿದ್ದರೂ ತಪ್ಪೇ. ಮಗು ತಲೆ ಎತ್ತಿ ನಿಮ್ಮ ಮುಖ ನೋಡಲು ಹೋದರೆ ತಲೆಗೆ ತಾಗುತ್ತದೆ. ಹಿಂದಿನಿಂದ ಬರುವ ರಿಕ್ಷಾ ನೋಡಲು ತಿರುಗಲಾಗುವುದಿಲ್ಲ.

ಮೂರನೆಯದು, ಅಂಗಡಿಯಲ್ಲಿ ಏನೇನು ನೋಡಬೇಕು. ಹೆಗಲಪಟ್ಟಿ ಎರಡಿರಬೇಕು, ಒಂದೇ ಪಟ್ಟಿಯ ಚೀಲ ಬೇಡ. ಪಟ್ಟಿ ಅಗಲವಾಗಿ, ಒಳಗೆ ಮೆತ್ತಗಿರಬೇಕು. ಹಗ್ಗದಂಥ ಪಟ್ಟಿ ಎಳೆಯ ಹೆಗಲನ್ನು ಕೊರೆಯುತ್ತದೆ. ಚಿಕ್ಕ ಮಕ್ಕಳ ಹೆಗಲು ಇಳಿಜಾರಾಗಿರುವುದರಿಂದ ಪಟ್ಟಿ ಜಾರುತ್ತದೆ. ಎದೆಯ ಮೇಲೆ ಎರಡೂ ಪಟ್ಟಿಗಳನ್ನು ಕೂಡಿಸುವ ಸಣ್ಣ ಪಟ್ಟಿ ಇದ್ದರೆ ಜಾರುವುದಿಲ್ಲ. ಆ ಬಕಲನ್ನು ಮಗು ತಾನೇ ಒತ್ತಿ ಬಿಚ್ಚುವಂತಿರಬೇಕು. ಪಟ್ಟಿ ಚೀಲಕ್ಕೆ ಕೂಡುವ ಜಾಗದ ಹೊಲಿಗೆಯನ್ನು ಎಳೆದು ನೋಡಿರಿ. ಹರಿಯುವುದಿದ್ದರೆ ಮೊದಲು ಅಲ್ಲಿಯೇ ಹರಿಯುತ್ತದೆ. ಜಿಪ್ಪನ್ನು ನೀವು ಎಳೆಯಬೇಡಿರಿ, ಮಗುವಿನ ಕೈಯಿಂದ ಎಳೆಯಿಸಿರಿ. ಮಳೆಗಾಲದಲ್ಲಿಯೇ ಶಾಲೆ ತೆರೆಯುವುದರಿಂದ ನೀರು ಹೀರಿ ಭಾರವಾಗುವ ದಪ್ಪ ಬಟ್ಟೆಗಿಂತ ಹಗುರವಾದ ನೈಲಾನ್ ಬಟ್ಟೆ ಒಳ್ಳೆಯದು. ಬಣ್ಣ ಎದ್ದು ಕಾಣುವಂತಿದ್ದರೆ ಮುಸುಕು ಮಳೆಯಲ್ಲಿ ಗಾಡಿಯವನ ಕಣ್ಣಿಗೆ ಬೀಳುತ್ತದೆ.

ಗಾಲಿಯ ಚೀಲ ಚಂದ ಕಾಣುತ್ತದೆ. ಆದರೆ ಗಾಲಿ, ಸರಳು, ಹಿಡಿ ಸೇರಿ ಅದೇ ಒಂದು ಭಾರ. ನಮ್ಮ ಮೆಟ್ಟಿಲುಗಳಲ್ಲಿ, ನಮ್ಮ ರಸ್ತೆಗಳಲ್ಲಿ ಅದು ಉರುಳುವುದಿಲ್ಲ, ಎತ್ತಬೇಕಾಗುತ್ತದೆ. ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಉಬ್ಬಿಸಿದ ಕರಡಿ, ಮೋಟಾರು ಮುಖದ ಚೀಲವೂ ಹಾಗೆಯೇ; ಭಾರ ಹೆಚ್ಚು, ಒಳಗೆ ಜಾಗ ಕಡಿಮೆ. ಮಗು ಅದಕ್ಕೇ ಹಟ ಹಿಡಿದರೆ ಹಗುರ ಚೀಲಕ್ಕೆ ಅದೇ ಕರಡಿಯ ಚಿತ್ರ ಹೊಲಿದು ಕೊಡಿರಿ. ನಮ್ಮಲ್ಲಿ ಹೊಲಿಗೆ ಬಲ್ಲ ಅಕ್ಕಂದಿರು ಎಷ್ಟು ಜನವಿಲ್ಲ!

ಅಂಗಡಿಯಲ್ಲಿಯೇ ಪರೀಕ್ಷೆ ಮಾಡಿರಿ. ಚೀಲದೊಳಗೆ ತುಂಬಿದ ಬಾಟಲಿಯೊಂದನ್ನು ಇಟ್ಟು ಮಗುವಿಗೆ ಹಾಕಿರಿ. ಹತ್ತು ಹೆಜ್ಜೆ ನಡೆಯಲಿ, ಒಂದು ಮೆಟ್ಟಿಲು ಹತ್ತಲಿ, ಕುಳಿತು ಏಳಲಿ, ತಲೆ ಎತ್ತಿ ನೋಡಲಿ, ತಾನೇ ತೆಗೆಯಲಿ. ಮುಂದಕ್ಕೆ ಬಾಗಿದರೆ, ಪಟ್ಟಿಯನ್ನು ಮತ್ತೆ ಮತ್ತೆ ಎಳೆದುಕೊಂಡರೆ, ಕುಳಿತಾಗ ಚೀಲ ನೆಲಕ್ಕೆ ತಾಗಿ ಮೇಲೆದ್ದರೆ, ಆ ಚೀಲ ಅದರದಲ್ಲ. ಮನೆಗೆ ಬಂದ ಮೇಲೂ ಕೆಲವು ದಿನ ಅಂಗಿ ಬಿಚ್ಚುವಾಗ ಹೆಗಲು ನೋಡಿರಿ. ಕೆಂಪು ಗೆರೆ ಬಿದ್ದಿದ್ದರೆ ಪಟ್ಟಿ ಸರಿಯಿಲ್ಲ, ಇಲ್ಲವೆ ಭಾರ ಸರಿಯಿಲ್ಲ. ಈ ವಯಸ್ಸಿನ ಮಗುವಿಗೆ ಬೆನ್ನು ನೋಯುತ್ತದೆಂದು ಹೇಳಲು ಬರುವುದಿಲ್ಲ. ಚೀಲ ಬೇಡವೆಂದು ಅಳುತ್ತದೆ, ನಾವು ಶಾಲೆಗೆ ಹೋಗಲು ಹಟ ಎನ್ನುತ್ತೇವೆ.

ಇಲ್ಲಿ ಎರಡು ಎಚ್ಚರಿಕೆ. ಜಾರುಬಂಡೆ, ಜೋಕಾಲಿಯ ಹತ್ತಿರ ಹೋಗುವಾಗ ಚೀಲ ಕಳಚಿಸಲೇಬೇಕು. ಜೋತಾಡುವ ಪಟ್ಟಿ ಸಿಕ್ಕಿಕೊಂಡು ಕತ್ತಿಗೆ ಬರಬಹುದು. ಉದ್ದದ ಪಟ್ಟಿಯ ತುದಿಯನ್ನು ಮಡಿಸಿ ಹೊಲಿದುಬಿಡಿರಿ. ಇನ್ನೊಂದು, ಸ್ಕೂಟರಿನ ಮಾತು. ೨೦೨೨ರಲ್ಲಿ ಕೇಂದ್ರ ಸರಕಾರ ಹೊರಡಿಸಿದ ನಿಯಮ ೨೦೨೩ರ ಫೆಬ್ರವರಿಯಿಂದ ಜಾರಿಗೆ ಬಂದಿದೆ. ನಾಲ್ಕು ವರ್ಷದೊಳಗಿನ ಮಗುವನ್ನು ಎರಡು ಗಾಲಿಯ ಗಾಡಿಯಲ್ಲಿ ಒಯ್ಯುವಾಗ ಮಗುವನ್ನು ಸವಾರನಿಗೆ ಕಟ್ಟುವ ಸುರಕ್ಷಾಪಟ್ಟಿ ಬೇಕು, ತಲೆಗೆ ಹೆಲ್ಮೆಟ್ ಬೇಕು, ವೇಗ ೪೦ ಕಿಲೋಮೀಟರು ಮೀರಬಾರದು. ಬೆನ್ನಿಗೆ ಚೀಲವಿದ್ದರೆ ಸುರಕ್ಷಾಪಟ್ಟಿ ಸರಿಯಾಗಿ ಕೂಡುವುದಿಲ್ಲ. ಗಾಡಿಯ ಮೇಲೆ ಚೀಲ ನಿಮ್ಮ ಕೊಕ್ಕೆಗೆ, ಮಗು ನಿಮ್ಮ ಮೈಗೆ.

ಈಗ ನಮ್ಮವರ ದೊಡ್ಡ ವಾದಕ್ಕೆ ಬರುತ್ತೇನೆ. ಮೊನ್ನೆ ಕಟ್ಟಡದ ಕೆಲಸದ ಒಬ್ಬ ತಂಗಿ ನನ್ನನ್ನು ಕೇಳಿದಳು: “ಅಣ್ಣಾರ, ದೊಡ್ಡದ್ ತಗೊಂಡ್ರ ನಾಕ್ ವರ್ಷ ಬರ್ತೈತ್ರಿ. ಸಣ್ಣದ್ ತಗೊಂಡ್ರ ಬರೋ ವರ್ಷ ಮತ್ತ ರೊಕ್ಕ ಎಲ್ಲಿಂದ ತರೂಣು?” ಈ ಮಾತನ್ನು ನಗೆಯಾಡುವ ಹಕ್ಕು ನಮಗಿಲ್ಲ. ದುಡಿದವನಿಗೆ ರೂಪಾಯಿಯ ಬೆಲೆ ಗೊತ್ತು. ಅಂಗಿಯನ್ನು ಒಂದು ಅಳತೆ ದೊಡ್ಡದು ತರುತ್ತೇವೆ, ತೋಳು ಮಡಿಸುತ್ತೇವೆ. ಲಂಗ ದೊಡ್ಡದು ತರುತ್ತೇವೆ, ಅಂಚು ಹೊಲಿಯುತ್ತೇವೆ. ಚೀಲಕ್ಕೆ ಮಡಿಸುವ ತೋಳಿಲ್ಲ, ತಂಗೀ. ದೊಡ್ಡ ಚೀಲದ ಖಾಲಿ ಜಾಗ ಖಾಲಿ ಉಳಿಯುವುದೂ ಇಲ್ಲ. ಜಾಗವಿದೆಯೆಂದು ನಾವೇ ಇನ್ನೊಂದು ಡಬ್ಬಿ ತುಂಬುತ್ತೇವೆ, ಶಾಲೆಯವರು ಇನ್ನೊಂದು ಪುಸ್ತಕ ತುಂಬುತ್ತಾರೆ.

ಲೆಕ್ಕವನ್ನೂ ನೋಡೋಣ. ಮಗು ಎರಡು ವರ್ಷಕ್ಕೆ ಸುಮಾರು ೮೭ ಸೆಂಟಿಮೀಟರು, ನಾಲ್ಕು ವರ್ಷಕ್ಕೆ ೧೦೩ ಸೆಂಟಿಮೀಟರು. ಎರಡು ವರ್ಷದಲ್ಲಿ ಆರು ಇಂಚಿನಷ್ಟು ಬೆಳೆಯಿತು. ಆದರೆ ಅದರಲ್ಲಿ ಬಹುಪಾಲು ಕಾಲಿಗೆ ಹೋಗುತ್ತದೆ, ಬೆನ್ನಿಗೆ ಬರುವುದು ಒಂದೆರಡು ಇಂಚು ಮಾತ್ರ. ಅಂದರೆ ಎರಡೂವರೆ ಮೂರು ವರ್ಷಕ್ಕೆ ಅಳತೆ ನೋಡಿ ತಂದ ಹತ್ತು ಇಂಚಿನ ಚೀಲ, ಹೊಲಿಗೆ ಗಟ್ಟಿಯಿದ್ದರೆ, ಒಂದನೆಯ ಇಯತ್ತೆಯ ಹೊಸ್ತಿಲವರೆಗೂ ಬರುತ್ತದೆ. ಪುಸ್ತಕದ ಚೀಲ ಬೇಕಾಗುವುದು ಆ ಮೇಲೆಯೇ. ಚಿಕ್ಕದು ತಂದರೆ ನಷ್ಟವೆಂಬುದು ನಮ್ಮ ಅಂಜಿಕೆ. ಲೆಕ್ಕ ಹಾಗೆ ಹೇಳುವುದಿಲ್ಲ.

ಅಷ್ಟೂ ರೊಕ್ಕವಿಲ್ಲದಿದ್ದರೆ? ಅದಕ್ಕೇ ಸಂಘವಿದೆ. ನನ್ನ ಸೂಚನೆಯೇನೆಂದರೆ, ಇಲ್ಲಿಯೇ, ಈ ಖೋಲಿಯ ಮೂಲೆಯಲ್ಲಿ ಒಂದು ಕಪಾಟು ಇಡೋಣ. ಯಾರ ಮಗು ಚಿಕ್ಕ ಚೀಲವನ್ನು ದಾಟಿ ಬೆಳೆಯಿತೋ ಅವರು ಅದನ್ನು ಒಗೆದು, ಜಿಪ್ಪು ಸರಿಮಾಡಿಸಿ, ಅದರ ಎತ್ತರವನ್ನು ಚೀಟಿಯಲ್ಲಿ ಬರೆದು ಅಲ್ಲಿಡಲಿ. ಬೇಕಾದವರು ದಾರದ ಗಂಟು ಹಿಡಿದು ಬಂದು ತೆಗೆದುಕೊಂಡು ಹೋಗಲಿ. ಇದು ದಾನವಲ್ಲ, ಕೈಬದಲು. ಊರಿನಲ್ಲಿ ಒಬ್ಬರ ಮನೆಯ ತೊಟ್ಟಿಲು ಹತ್ತು ಮನೆಗೆ ಹೋಗುತ್ತಿತ್ತು. ತೊಟ್ಟಿಲು ಪಡೆದವರು ಯಾರೂ ತಲೆ ತಗ್ಗಿಸಲಿಲ್ಲ.

ಕೊನೆಯದಾಗಿ, ಚೀಲದೊಳಗೆ ಏನು ಹೋಗಬೇಕೆಂಬುದು. ಇಲ್ಲಿ ತಾಯಿತಂದೆ ಒಬ್ಬರೇ ಸೆಣಸಿ ಫಲವಿಲ್ಲ. ನರ್ಸರಿಯವರು ಪಟ್ಟಿ ಕೊಡುತ್ತಾರೆ: ಇಷ್ಟು ಪುಸ್ತಕ, ಇಷ್ಟು ವಹಿ, ಬಣ್ಣದ ಪೆಟ್ಟಿಗೆ, ದೊಡ್ಡ ಬಾಟಲಿ. ಇಂಗ್ಲಿಷಿನಲ್ಲಿ ಅಚ್ಚಾದ ಪಟ್ಟಿಯನ್ನು ಕಂಡೊಡನೆ ನಾವು ಮಾತಿಲ್ಲದೆ ತಲೆಯಾಡಿಸುತ್ತೇವೆ. ನಾವು ಓದಿದವರಲ್ಲ, ಅವರಿಗೆ ತಿಳಿದಿರಬೇಕು ಎಂದುಕೊಳ್ಳುತ್ತೇವೆ. ಗಲ್ಲೆಯ ಮುಂದೆ ನಿಂತು ನಾವು ಪಗಾರ ಕೇಳಲು ಕಲಿತದ್ದು ಹೇಗೆ? ಒಬ್ಬೊಬ್ಬರೇ ಹೋದಾಗ ಆಗಲಿಲ್ಲ, ಕೂಡಿ ಹೋದಾಗ ಆಯಿತು. ಇಲ್ಲಿಯೂ ಅದೇ ದಾರಿ. ಒಂದೇ ಶಾಲೆಗೆ ಹೋಗುವ ಮಕ್ಕಳ ತಾಯಿತಂದೆ ಐದಾರು ಜನ ಸೇರಿ, ಜಗಳಕ್ಕಲ್ಲ, ವಿನಯದಿಂದ ಹೋಗಿ ಮೂರು ಮಾತು ಕೇಳಿರಿ. ಪುಸ್ತಕ ವಹಿಗಳನ್ನು ಶಾಲೆಯಲ್ಲಿಯೇ ಇಟ್ಟುಕೊಳ್ಳಬಹುದೇ? ಕುಡಿಯುವ ಶುದ್ಧ ನೀರನ್ನು ಅಲ್ಲಿಯೇ ಕೊಡಬಹುದೇ? ಬದಲಿ ಬಟ್ಟೆಯ ಒಂದು ಗಂಟನ್ನು ವಾರಕ್ಕೊಮ್ಮೆ ತಂದು ಅಲ್ಲಿ ಇಡಬಹುದೇ? ೨೦೨೦ರ ನೀತಿಯಲ್ಲಿ ಈ ವಯಸ್ಸಿಗೆ ಚೀಲವೇ ಬೇಡವೆಂದಿರುವುದನ್ನು ನೆನಪು ಮಾಡಿಕೊಡಿರಿ. ಮರಾಠಿಯಲ್ಲಿ ಮಾತಾಡಲು ಬಾರದವರು ನಮ್ಮಲ್ಲಿ ಬಲ್ಲವರನ್ನು ಕರೆದುಕೊಂಡು ಹೋಗಿರಿ, ನಾನೂ ಬರುತ್ತೇನೆ.

ಅಂಗನವಾಡಿಗೆ ಹೋಗುವ ಮೂರರಿಂದ ಆರು ವರ್ಷದ ಮಕ್ಕಳಿಗೆ ಅಲ್ಲಿಯೇ ಬಿಸಿ ಊಟವುಂಟು. ಅವರಿಗೆ ಊಟದ ಡಬ್ಬಿಯ ಹೊರೆಯೂ ಬೇಕಿಲ್ಲ. ಒಂದು ಕರವಸ್ತ್ರ, ಒಂದು ಅಂಗಿ, ಮನಸ್ಸಿದ್ದರೆ ಒಂದು ಗೊಂಬೆ. ಚೀಲ ಗಾಳಿಯಷ್ಟು ಹಗುರವಾಗಿ ಹೋಗಲಿ.

ಬಂಧುಗಳೇ, ಹೋಟೆಲಿಗೆ ಬಂದ ಹೊಸತರಲ್ಲಿ ನಮಗೆಲ್ಲ ಕಲಿಸಿದ ಒಂದು ಪಾಠವಿತ್ತು: ಎತ್ತು ಎಂದದ್ದನ್ನು ಎತ್ತಬೇಕು, ಎಷ್ಟು ತೂಕ ಎಂದು ಕೇಳಬಾರದು. ಹದಿಮೂರು ಹದಿನಾಲ್ಕರ ಹುಡುಗರು ನೀರಿನ ಹಂಡೆ ಎತ್ತಿದರು, ಹಿಟ್ಟಿನ ಪಾತ್ರೆ ಎತ್ತಿದರು. ಅವರಲ್ಲಿ ಹಲವರ ಸೊಂಟ ಮೂವತ್ತಕ್ಕೇ ಹಿಡಿದಿದೆ. ಈ ಸಭೆಯಲ್ಲಿಯೇ ಗೋಡೆಗೆ ಒರಗಿ ಕುಳಿತವರಿದ್ದಾರೆ. ಎಷ್ಟು ತೂಕ ಎಂದು ಕೇಳುವುದನ್ನು ನಾವು ತಡವಾಗಿ ಕಲಿತೆವು. ನಮ್ಮ ಮಕ್ಕಳ ಪರವಾಗಿ ಆ ಪ್ರಶ್ನೆಯನ್ನು ಅವರ ಮೊದಲನೆಯ ಚೀಲದ ದಿನವೇ ಕೇಳೋಣ.

ಹೋಗುವ ಮುಂಚೆ ಬಾಗಿಲ ಬಳಿ ದಾರದ ಉಂಡೆಯನ್ನು ಇಟ್ಟಿದೆ. ಒಬ್ಬೊಬ್ಬರು ಒಂದೊಂದು ತುಂಡು ತೆಗೆದುಕೊಂಡು ಹೋಗಿರಿ. ಈ ರಾತ್ರಿ ಮಗು ಮಲಗುವ ಮೊದಲು ಎರಡು ಗಂಟು ಹಾಕಿರಿ. ಕಪಾಟಿನ ಸೂಚನೆಗೆ ಒಪ್ಪಿಗೆಯಿದ್ದವರು ಅಧ್ಯಕ್ಷರಲ್ಲಿ ಹೆಸರು ಕೊಡಿರಿ.